ಚಾಸಿಯ ಮಡಿಕೆಯೊಳಗೆ ಉಳಿದ ಕಡಲು

ಮಲ್ಪೆ ಬಂದರಿನಲ್ಲಿ ಬೆಳಗಿನ ಜಾವ ಮೀನಿನ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಎಲ್ಲರ ಕಣ್ಣು ಲಾರಿಯ ಮೇಲ್ಭಾಗದಲ್ಲಿರುತ್ತದೆ. ಬಂಗುಡೆ ಎಷ್ಟು ಬಾಕ್ಸ್, ಬೂತಾಯಿಗೆ ಇವತ್ತು ಏನು ರೇಟು, ಐಸ್ ಸಾಕೇ ಎಂಬ ಲೆಕ್ಕ. ಕೆಳಗೆ ಬಗ್ಗಿ ನೋಡುವವರಿಲ್ಲ. ಅಲ್ಲಿ ಒಂದೇ ಸಮನೆ ನೀರು ತೊಟ್ಟಿಕ್ಕುತ್ತಿರುತ್ತದೆ. ಕರಗಿದ ಐಸು, ಮೀನಿನ ರಕ್ತ, ಲೋಳೆ, ಸಮುದ್ರದ ಉಪ್ಪು ಎಲ್ಲ ಬೆರೆತ ಆ ನೀರು ಬಾಡಿಯ ಸಂದುಗಳಿಂದ ಇಳಿದು ಕ್ರಾಸ್ ಮೆಂಬರ್ ಮೇಲೆ ಬಿದ್ದು, ಚಾಸಿಯ ಒಳಮಗ್ಗುಲಲ್ಲಿ ಹರಿದು, ಸ್ಪ್ರಿಂಗ್ ಪ್ಲೇಟುಗಳ ನಡುವೆ ಇಂಗಿ, ಕೊನೆಗೆ ರಸ್ತೆ ಸೇರುತ್ತದೆ. ರಸ್ತೆಗೆ ಬಿದ್ದ ನೀರಿನ ಬಗ್ಗೆ ಊರೆಲ್ಲ ಮಾತಾಡುತ್ತದೆ. ಬೈಕು ಜಾರುತ್ತದೆ, ವಾಸನೆ ಹಬ್ಬುತ್ತದೆ, ಅಡಿಗೆ ಟ್ಯಾಂಕ್ ಕಟ್ಟಿಸಿ ಎಂದು ಪೊಲೀಸರು ಎಚ್ಚರಿಸುತ್ತಾರೆ. ರಸ್ತೆಗೆ ಬೀಳದೆ ಲಾರಿಯಲ್ಲೇ ಉಳಿದುಕೊಂಡ ನೀರಿನ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನಾನು ಹೇಳಹೊರಟಿರುವುದು ಆ ನೀರಿನ ವಿಷಯ.

ನಮ್ಮ ಮನೆಯಲ್ಲೂ ಒಂದು ಲಾರಿ ಇತ್ತು. ಅಪ್ಪ ಸಾಲ ಮಾಡಿ ತೆಗೆದದ್ದು, ಅಣ್ಣ ಓಡಿಸುತ್ತಿದ್ದ. ಎಂಟು ವರ್ಷ ಮೀನು ಹೊತ್ತ ಮೇಲೆ, ಎಫ್‌ಸಿ, ಅಂದರೆ ಫಿಟ್‌ನೆಸ್ ತಪಾಸಣೆಗೆ ಒಯ್ಯುವ ಮುಂಚೆ, ಒಂದು ಗ್ಯಾರೇಜಿನಲ್ಲಿ ಅದರ ಅಡಿಗೆಲ್ಲ ದಪ್ಪ ಕಪ್ಪು ಕೋಟಿಂಗ್ ಹೊಡೆಸಿದೆವು. ಒಂದೇ ದಿನದ ಕೆಲಸ. ಕೆಳಗೆ ಮಲಗಿ ನೋಡಿದರೆ ಹೊಸ ಲಾರಿಯಂತೆ ಹೊಳೆಯುತ್ತಿತ್ತು, ಅಪ್ಪನಿಗೆ ಸಮಾಧಾನವಾಯಿತು. ಮರುವರ್ಷ ಒಂದು ಮಧ್ಯಾಹ್ನ ಲೋಡ್ ಇಳಿಸಿ ಬರುವಾಗ ಹಿಂದಿನ ಎಡಗಡೆಯ ಸ್ಪ್ರಿಂಗ್ ಬ್ರ್ಯಾಕೆಟ್ ಚಾಸಿಯ ಒಂದು ತುಂಡನ್ನೇ ಕಿತ್ತುಕೊಂಡು ಬಂತು. ಲಾರಿ ಖಾಲಿಯಿತ್ತು, ರಸ್ತೆ ಸಮತಟ್ಟಾಗಿತ್ತು, ಅಣ್ಣ ಮನೆಗೆ ಬಂದ. ಹಿಂದಿನ ರಾತ್ರಿ ಅದೇ ಲಾರಿ ತುಂಬಿದ ಲೋಡಿನೊಂದಿಗೆ ಶಿರಾಡಿ ಘಾಟಿ ಹತ್ತಿತ್ತು ಎಂಬುದನ್ನು ನೆನೆದು ಅಮ್ಮ ಎಷ್ಟೋ ದಿನ ನಿದ್ದೆ ಮಾಡಲಿಲ್ಲ.

ರಿಪೇರಿಗೆ ಬಂದ ಟಿಂಕರಿಂಗ್ ಮೇಸ್ತ್ರಿ ಸಣ್ಣ ಸುತ್ತಿಗೆ ಹಿಡಿದು ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋದರು. ಕೆಲವು ಕಡೆ ಠಣ್ ಎಂದಿತು, ಕೆಲವು ಕಡೆ ಒದ್ದೆ ಹಲಗೆಗೆ ಹೊಡೆದಂತೆ ದಬ್ ಎಂದಿತು. ಒಂದು ಕಡೆ ಸುತ್ತಿಗೆಯ ಮೂತಿ ಒಳಕ್ಕೇ ಹೋಯಿತು. ಕಪ್ಪು ಕೋಟಿಂಗ್ ಚರ್ಮದಂತೆ ಸುಲಿದು ಬಂದಾಗ ಅದರ ಹಿಂದೆ ಕೆಂಪು ಪದರಗಳು ಇನ್ನೂ ಒದ್ದೆಯಾಗಿದ್ದವು. "ಇಲ್ಲಿ ನಿಂತದ್ದು ಪೇಂಟು ಮಾರಾಯ್ರೇ, ಕಬ್ಬಿಣ ಯಾವಾಗಲೋ ಹೋಗಿದೆ" ಎಂದರು. ತುಕ್ಕನ್ನು ತಡೆಯಲೆಂದು ಹಣ ಕೊಟ್ಟು ಮಾಡಿಸಿದ ಕೆಲಸವೇ ಅದನ್ನು ಒಂದು ವರ್ಷ ನಮ್ಮ ಕಣ್ಣಿನಿಂದ ಮರೆಮಾಡಿತ್ತು.

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಸೇರಿದರೆ ತುಕ್ಕು ಎಂದು ಶಾಲೆಯಲ್ಲಿ ಓದಿದ್ದೇವೆ. ಲಾರಿಯ ಅಡಿಯಲ್ಲಿ ಆಗುವುದು ಅರ್ಥವಾಗಲು ಇನ್ನೊಂದು ಹೆಜ್ಜೆ ಹೋಗಬೇಕು. ತುಕ್ಕು ಒಂದು ವಿದ್ಯುತ್ ಕ್ರಿಯೆ. ಕಬ್ಬಿಣದ ಒಂದು ಜಾಗದಲ್ಲಿ ಪರಮಾಣುಗಳು ಇಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತವೆ. ಆ ಇಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಜಾಗದಲ್ಲಿ ಆಮ್ಲಜನಕವನ್ನು ಸೇರುತ್ತವೆ. ಬ್ಯಾಟರಿಯ ಎರಡೂ ತುದಿ ಒಂದೇ ತಗಡಿನಲ್ಲಿದ್ದ ಹಾಗೆ. ಈ ಸುತ್ತು ಪೂರ್ತಿಯಾಗಬೇಕಾದರೆ ಮೇಲಿನ ನೀರಿನಲ್ಲೂ ವಿದ್ಯುತ್ ಹರಿಯಬೇಕು. ಶುದ್ಧ ಮಳೆನೀರಿನಲ್ಲಿ ಅದು ತಡವರಿಸುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರಿನಲ್ಲಿ ಸರಾಗವಾಗಿ ಹರಿಯುತ್ತದೆ. ಸಾಲದ್ದಕ್ಕೆ ಉಪ್ಪಿನಲ್ಲಿರುವ ಕ್ಲೋರೈಡ್, ಉಕ್ಕು ತನ್ನ ಮೈಮೇಲೆ ತಾನೇ ಕಟ್ಟಿಕೊಳ್ಳುವ ತೆಳುವಾದ ರಕ್ಷಣೆಯ ಪೊರೆಯನ್ನೂ ಮುರಿಯುತ್ತದೆ.

ಕೇಂಬ್ರಿಜ್‌ನಲ್ಲಿದ್ದ ವಿಜ್ಞಾನಿ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಇದನ್ನು ಒಂದೇ ಹನಿಯಲ್ಲಿ ತೋರಿಸಿಕೊಟ್ಟರು. ಉಜ್ಜಿದ ಉಕ್ಕಿನ ಮೇಲೆ ಉಪ್ಪುನೀರಿನ ಹನಿಯನ್ನಿಟ್ಟು, ಎಲ್ಲಿ ಏನಾಗುತ್ತಿದೆ ಎಂದು ಬಣ್ಣ ಬದಲಿಸುವ ರಾಸಾಯನಿಕಗಳಿಂದ ಗುರುತಿಸಿದರು. ಗಾಳಿ ಚೆನ್ನಾಗಿ ತಾಗುವ ಹನಿಯ ಅಂಚು ಸವೆಯಬೇಕೆಂದು ನಮಗೆ ಅನ್ನಿಸುತ್ತದೆ. ಆದದ್ದು ತಿರುಗಾಮುರುಗಾ. ಗಾಳಿ ಕಡಿಮೆ ತಲುಪುವ ನಡುಭಾಗದಲ್ಲಿ ಕಬ್ಬಿಣ ಕರಗುತ್ತಿತ್ತು, ಅಂಚು ಸುರಕ್ಷಿತವಾಗಿತ್ತು. ಈ ಒಂದು ಹನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಲಾರಿಯ ಕೆಳಗೆ ಮಲಗಿದರೆ ಎಲ್ಲವೂ ಬೇರೆಯಾಗಿ ಕಾಣತೊಡಗುತ್ತದೆ. ಎರಡು ಪ್ಲೇಟು ಒಂದರ ಮೇಲೊಂದು ಕೂತ ಸಂದು, ಬ್ರ್ಯಾಕೆಟ್ಟಿನ ಬೆನ್ನು, ಕೆಸರು ಅಂಟಿದ ಮೂಲೆ, ಬಿರುಕು ಬಿಟ್ಟ ಕೋಟಿಂಗಿನ ಒಳಗು: ಗಾಳಿ ಹೋಗದ, ನೀರು ಹೋಗುವ ಜಾಗಗಳೆಲ್ಲ ಆ ಹನಿಯ ನಡುಭಾಗಗಳೇ. ಬಯಲಿಗೆ ಬಿದ್ದ ಚಾಸಿಯ ಚಪ್ಪಟೆ ಮಗ್ಗುಲು ಕೆಂಪಗೆ ಕಂಡರೂ ವರ್ಷಗಟ್ಟಲೆ ಬಾಳುತ್ತದೆ. ಕಾಣದ ಮಡಿಕೆ ಮೊದಲು ಹೋಗುತ್ತದೆ.

ತುಕ್ಕಿಗೆ ಇನ್ನೊಂದು ಗುಣವಿದೆ. ಅದು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಅಲ್ಯೂಮಿನಿಯಂ ಕೂಡ ಆಮ್ಲಜನಕ ಸೇರಿ ಪದರ ಕಟ್ಟುತ್ತದೆ, ಆದರೆ ಆ ಪದರ ಬಿಗಿಯಾಗಿ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲ, ಉಬ್ಬುತ್ತದೆ, ಸಿಪ್ಪೆಯಾಗಿ ಏಳುತ್ತದೆ, ಕೆಳಗಿನ ಹೊಸ ಕಬ್ಬಿಣಕ್ಕೆ ನೀರು ಹೀರಿ ಕೊಡುತ್ತದೆ. ಡಬಲ್ ಚಾಸಿಯ ಎರಡು ಪ್ಲೇಟುಗಳ ನಡುವೆ ಅದು ಬೆಳೆದರೆ ಉಕ್ಕಿನ ಹಲಗೆಯನ್ನೇ ಬಗ್ಗಿಸುತ್ತದೆ, ರಿವೆಟ್ಟಿನ ತಲೆ ಹಾರಿಸುತ್ತದೆ. ಬಂಡೆಯ ಸೀಳಿನಲ್ಲಿ ಬೇರೂರಿದ ಅಶ್ವತ್ಥದ ಗಿಡ ಮಾಡುವ ಕೆಲಸವೇ ಇದು.

ಕರಾವಳಿಯ ಹಳೆಯ ಮನೆಗಳಲ್ಲಿ ಕಲ್ಲುಪ್ಪನ್ನು ಮರದ ಮರಿಗೆಯಲ್ಲಿ ಇಡುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಯಾರೂ ನೀರು ಹಾಕದಿದ್ದರೂ ಆ ಮರಿಗೆಯ ಅಡಿ ಒಸರುತ್ತದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ಆ ತೇವವನ್ನು ಎಳೆದುಕೊಂಡು ತಾನೇ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ತೇವವೂ ಸಾಕು. ಹಾಗಾಗಿ ಮೀನಿನ ಲಾರಿಯ ಮಡಿಕೆಯಲ್ಲಿ ಉಪ್ಪು ಉಳಿದಿದ್ದರೆ ಮಳೆಯಿಲ್ಲದ ದಿನವೂ ಅಲ್ಲಿ ಒದ್ದೆ. ಶೆಡ್ಡಿನ ನೆರಳಲ್ಲಿ ನಿಲ್ಲಿಸಿದ್ದೇವೆ, ಒಣಗಿದೆ ಎಂದುಕೊಂಡಾಗಲೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ.

ಇದರಿಂದಲೇ ನಮ್ಮ ಕಡೆಯ ಮೀನಿನ ಲಾರಿಗಳಿಗೆ ಜೂನ್, ಜುಲೈ ತಿಂಗಳುಗಳು ಅತಿ ಕೆಟ್ಟವು ಎಂದು ನಾನು ತಿಳಿದಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ದೋಣಿ ದಡದಲ್ಲಿ, ಲಾರಿ ಶೆಡ್ಡಿನಲ್ಲಿ. ಓಡದ ಲಾರಿ ಸವೆಯುವುದಿಲ್ಲ ಎಂಬ ನಂಬಿಕೆ ಎಲ್ಲರಿಗೂ ಇದೆ. ಹತ್ತು ತಿಂಗಳು ಹೀರಿಕೊಂಡ ಉಪ್ಪನ್ನು ಒಡಲಲ್ಲಿಟ್ಟುಕೊಂಡು, ವರ್ಷದ ಅತಿ ತೇವದ ಎರಡು ತಿಂಗಳು, ಓಟದ ಗಾಳಿಯೂ ಬಿಸಿಲೂ ಇಲ್ಲದೆ ಅದು ನಿಲ್ಲುತ್ತದೆ. ಮುಂಚೆ ಚೆನ್ನಾಗಿ ತೊಳೆದು ನಿಲ್ಲಿಸಿದ ಲಾರಿಗೂ ಹಾಗೇ ತಂದು ನಿಲ್ಲಿಸಿದ ಲಾರಿಗೂ ಆಗಸ್ಟಿನಲ್ಲಿ ಇರುವ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೀನಿನವರಿಗೆ ಮಾತ್ರ ಈ ಪಾಡು ಎಂದುಕೊಳ್ಳಬಾರದು. ಗೋಕರ್ಣದ ಬಳಿಯ ಸಾಣಿಕಟ್ಟೆಯಿಂದ ಉಪ್ಪು ಸಾಗಿಸುವ ಲಾರಿಗೂ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕೆ ಇರುವ ಮರವಂತೆಯ ಹೆದ್ದಾರಿಯಲ್ಲಿ ದಿನಾ ಓಡುವ ವಾಹನಕ್ಕೂ ಇದು ತಪ್ಪಿದ್ದಲ್ಲ. ಬಯಲುಸೀಮೆಯವರು ಗಮನಿಸಬೇಕಾದ ಒಂದು ಸರಕಿದೆ, ಪೊಟ್ಯಾಶ್ ಗೊಬ್ಬರ. ಅದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಉಪ್ಪಿನ ಸೋದರ. ಹರಿದ ಚೀಲದಿಂದ ಸೋರಿ ಬಾಡಿಯ ಸಂದಿಗೆ ಸೇರಿದ ಗೊಬ್ಬರ ಸಮುದ್ರ ನೋಡದ ಲಾರಿಯನ್ನೂ ತಿನ್ನುತ್ತದೆ.

ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪನ್ನೇ ಸುರಿಯುತ್ತಾರೆ. ಅಲ್ಲಿನ ಪಿಕಪ್ ಟ್ರಕ್ಕುಗಳ ಚಾಸಿ ತುಕ್ಕು ಹಿಡಿದು ತೂತಾದ ಪ್ರಕರಣದಲ್ಲಿ 2016ರಲ್ಲಿ ಟೊಯೊಟಾ ಕಂಪನಿ ಅಮೆರಿಕದಲ್ಲಿ ಸುಮಾರು 15 ಲಕ್ಷ ವಾಹನಗಳಿಗೆ ಸಂಬಂಧಿಸಿದಂತೆ 340 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. ಚಾಸಿಯನ್ನೇ ಬದಲಿಸಿ ಕೊಡುವ ಮಾತು ಅದರಲ್ಲಿತ್ತು. ಒಂದೇ ಲಾರಿಯನ್ನು ನಂಬಿ ಮನೆ ನಡೆಸುವವರಿಗೆ ಹಾಗೆ ಯಾರೂ ಕೈಗೆ ಹೊಸ ಚಾಸಿ ಕೊಡುವುದಿಲ್ಲ. ನಮಗಿರುವುದು ಮುಂಚೆಯೇ ಕಾಯ್ದುಕೊಳ್ಳುವ ದಾರಿ ಒಂದೇ.

ಹಾಗಾದರೆ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಮುಂದೆ, ಪಶ್ಚಿಮ ಘಟ್ಟದ ಅಷ್ಟೂ ಮಳೆಗೆ ಮೈಯೊಡ್ಡಿ ನಿಂತಿರುವ ಕಬ್ಬಿಣದ ಕಂಬ ಹೇಗೆ ಉಳಿದಿದೆ ಎಂದು ಯಾರಾದರೂ ಕೇಳಬಹುದು. ಅಂಥದೇ ಇನ್ನೊಂದು, ದೆಹಲಿಯ ಹೆಸರಾಂತ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು ಅದು ರಕ್ಷಣೆಯ ಪೊರೆ ಕಟ್ಟಿಕೊಟ್ಟಿತೆಂದು ಐಐಟಿ ಕಾನ್ಪುರದಲ್ಲಿದ್ದ ಆರ್. ಬಾಲಸುಬ್ರಹ್ಮಣ್ಯಂ ವಿವರಿಸಿದ್ದರು. ಹಳೆಯ ಕುಲುಮೆಯ ಕಬ್ಬಿಣ ಬೇರೆ, ಇಂದಿನ ಉಕ್ಕು ಬೇರೆ. ಆದರೆ ಕಂಬದಿಂದ ಲಾರಿಯವರು ಕಲಿಯಬಹುದಾದ ಇನ್ನೊಂದು ಸಂಗತಿ ಬರಿಗಣ್ಣಿಗೇ ಕಾಣುತ್ತದೆ. ನೆಟ್ಟಗೆ ನಿಂತ ಕಂಬಕ್ಕೆ ಮಡಿಕೆಯಿಲ್ಲ. ಬಿದ್ದ ಮಳೆ ಇಳಿದುಹೋಗುತ್ತದೆ, ಗಾಳಿ ಸುತ್ತಲೂ ಆಡುತ್ತದೆ.

ನೋಡಬೇಕಾದ ಜಾಗಗಳನ್ನು ಮೇಸ್ತ್ರಿ ನನಗೆ ಟಾರ್ಚ್ ಹಿಡಿಸಿ ತೋರಿಸಿದ್ದರು. ಸ್ಪ್ರಿಂಗ್ ಬ್ರ್ಯಾಕೆಟ್ ಚಾಸಿಗೆ ಕೂತಲ್ಲಿ, ಯು ಬೋಲ್ಟಿನ ಅಡಿ, ಡೀಸೆಲ್ ಟ್ಯಾಂಕಿನ ಪಟ್ಟಿಯ ಒಳಗು, ಬ್ಯಾಟರಿ ಪೆಟ್ಟಿಗೆಯ ಕೆಳಗು, ಚಾಸಿಯ ಮೇಲೆ ಮರದ ತೊಲೆ ಕೂತ ಉದ್ದಗಲ. ಕೊನೆಯದನ್ನು ಜನ ಮರೆಯುತ್ತಾರೆ. ಬಾಡಿ ಕಟ್ಟುವಾಗ ಚಾಸಿಗೂ ಬಾಡಿಗೂ ನಡುವೆ ಕೊಡುವ ಮರ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ವರ್ಷವಿಡೀ ಉಕ್ಕಿಗೆ ಉಣಿಸುತ್ತದೆ. ಬ್ರೇಕಿನ ಗಾಳಿ ಟ್ಯಾಂಕಿಗಂತೂ ಒಳಗಿನಿಂದಲೇ ರೋಗ. ಹಿಂಡಿದ ಗಾಳಿಯಿಂದ ನೀರು ಇಳಿದು ತಳದಲ್ಲಿ ನಿಲ್ಲುತ್ತದೆ. ಅಡಿಯ ವಾಲ್ವ್ ತೆರೆದು ದಿನಾ ಆ ನೀರು ಬಿಡುವುದು ಕ್ಲೀನರ್ ಹುಡುಗನ ಮೊದಲ ಪಾಠವಾಗಿತ್ತು. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರೇ ಇಲ್ಲ, ಆ ಕೆಲಸ ಯಾರದೂ ಅಲ್ಲವಾಗಿದೆ.

ಮದ್ದಿನ ಮಾತಿಗೆ ಬಂದರೆ, ನಾನು ಮೊದಲು ಹೇಳುವುದು ನೀರು. ಒಳ್ಳೆಯ ಸಿಹಿನೀರು, ಬೇಕಾದಷ್ಟು. ಪೇಂಟು, ಪ್ರೈಮರ್, ಕೋಟಿಂಗ್ ಎಲ್ಲ ಆಮೇಲೆ. ವಾಟರ್ ಸರ್ವಿಸ್ ಎಂದರೆ ಕ್ಯಾಬಿನ್ ಹೊಳೆಯುವಂತೆ ಮಾಡುವುದು ಎಂಬ ರೂಢಿ ಬಿಡಬೇಕು. ಜಾಕಿ ಕೊಟ್ಟು, ಮೇಲಿನಿಂದ ಕೆಳಕ್ಕೆ, ಚಾಸಿಯ ಒಳಮಗ್ಗುಲಿನಿಂದ ಹೊರಕ್ಕೆ, ಟ್ಯಾಂಕುಗಳ ನೆತ್ತಿ, ಮಡ್‌ಗಾರ್ಡಿನ ಒಳಗು, ಸ್ಪ್ರಿಂಗ್ ಪ್ಲೇಟುಗಳ ಸಂದು ಹೀಗೆ ತೊಳೆಯಬೇಕು. ಒತ್ತಡದ ನೀರನ್ನು ಬೇರಿಂಗಿನ ಸೀಲಿಗೂ ವಯರಿಂಗ್ ಕನೆಕ್ಟರಿಗೂ ನೇರ ಹಿಡಿಯಬಾರದು. ಚಾಸಿಯಲ್ಲಿ, ಕ್ರಾಸ್ ಮೆಂಬರಿನಲ್ಲಿ ನೀರು ಹೋಗಲೆಂದೇ ಬಿಟ್ಟ ತೂತುಗಳಿರುತ್ತವೆ. ಅವು ಕೆಸರು, ಮೀನಿನ ಹುರುಪೆ ತುಂಬಿ ಮುಚ್ಚಿರುತ್ತವೆ. ಒಂದು ತಂತಿ ತುಂಡಿನಿಂದ ಅವನ್ನು ಬಿಡಿಸಿದರೆ ಸಾವಿರಾರು ರೂಪಾಯಿಯ ಕೋಟಿಂಗ್ ಮಾಡದ ಕೆಲಸ ಆಗುತ್ತದೆ. ಒಂದು ಎಚ್ಚರಿಕೆ: ಕಡಲ ಬದಿಯ ಎಷ್ಟೋ ಬಾವಿ, ಬೋರ್‌ವೆಲ್ಲುಗಳ ನೀರು ಏಪ್ರಿಲ್, ಮೇ ಬಂದರೆ ಉಪ್ಪಾಗುತ್ತದೆ. ಆ ನೀರಿನಲ್ಲಿ ಎಷ್ಟು ತೊಳೆದರೂ ಉಪ್ಪನ್ನು ಉಪ್ಪಿನಿಂದ ತೊಳೆದ ಹಾಗೆ.

ತೊಳೆದ ಮೇಲೆ ಒಣಗಿಸಬೇಕು. ಇಲ್ಲಿ ನಮ್ಮ ಗ್ಯಾರೇಜುಗಳು ಆತುರ ಮಾಡುತ್ತವೆ. ಗಾಳಿಯ ತೇವ 85 ಶೇಕಡಾ ಮೀರಿದಾಗ ಉಕ್ಕಿಗೆ ಬಣ್ಣ ಹಚ್ಚಬಾರದು, ಉಕ್ಕಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಎಂಬುದು ಹಡಗು, ಸೇತುವೆಗಳಿಗೆ ಬಣ್ಣ ಹೊಡೆಯುವವರು ಪಾಲಿಸುವ ನಿಯಮ. ಜುಲೈನ ಮಂಗಳೂರಿನಲ್ಲಿ ಅಂಥ ದಿನ ಸಿಗುವುದು ಅಪರೂಪ. ನಿಷೇಧದ ಬಿಡುವಿನಲ್ಲಿ ಪೇಂಟಿಂಗ್ ಮುಗಿಸೋಣ ಎಂಬ ಲೆಕ್ಕಾಚಾರ ಕೈಕೊಡುವುದು ಇಲ್ಲಿಯೇ. ಮೇ ತಿಂಗಳಲ್ಲಿ ನಾಲ್ಕು ಟ್ರಿಪ್ಪಿನ ಬಾಡಿಗೆ ಬಿಟ್ಟಾದರೂ ಬಿಸಿಲಿರುವಾಗ ಕೆಲಸ ಮುಗಿಸಬೇಕು ಎನ್ನುತ್ತೇನೆ. ಒಂದು ಬಾಡಿಗೆಯ ಬೆಲೆ ನನಗೆ ಗೊತ್ತಿದ್ದೇ ಹೇಳುತ್ತಿದ್ದೇನೆ.

ಸಿಪ್ಪೆ ಎದ್ದ ತುಕ್ಕನ್ನು ಸುತ್ತಿಗೆಯಿಂದ ಉದುರಿಸಿ, ಸ್ಕ್ರೇಪರಿನಿಂದ ಕೆರೆದು, ವಯರ್ ಬ್ರಷ್ ಹಾಕಿ ಉಜ್ಜಬೇಕು. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಲು ಕೈಲಾದರೆ ಅದಕ್ಕೆ ಸಮನಾದುದಿಲ್ಲ. ಉಜ್ಜಿದ ಉಕ್ಕು ಕಡಲ ಗಾಳಿಗೆ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗತೊಡಗುವುದರಿಂದ ಅದೇ ಸಂಜೆಯೊಳಗೆ ಮೊದಲ ಕೋಟು ಬೀಳಬೇಕು.

ಎಷ್ಟು ಉಜ್ಜಿದರೂ ಕುಳಿಗಳಲ್ಲಿ ಗಟ್ಟಿಯಾಗಿ ಕೂತ ತುಕ್ಕು ಉಳಿಯುತ್ತದೆ. ಅದಕ್ಕೆ ರಸ್ಟ್ ಕನ್ವರ್ಟರ್ ಎಂಬ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ. ಹಚ್ಚಿದರೆ ಕೆಂಪು ತುಕ್ಕು ಕಣ್ಣೆದುರೇ ನೀಲಿಗಪ್ಪಾಗುತ್ತದೆ. ಇದೇನೂ ಮಾಯವಲ್ಲ, ನಮ್ಮ ಮನೆಯಂಗಳದ ರಸಾಯನ. ಅಡಕೆ ಸುಲಿಯುವ ಕತ್ತಿ ಚೊಗರು ತಾಗಿ ಕಪ್ಪಾಗುವುದನ್ನು, ಬಾಳೆಕಾಯಿ ಹೆಚ್ಚಿದ ಮೆಟ್ಟುಕತ್ತಿಯ ಅಲಗು ಕರ್ರಗಾಗುವುದನ್ನು ನೋಡದವರು ಯಾರು? ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಸಿ ಕಾಯಿಸುತ್ತಿದ್ದ ಅಜ್ಜಂದಿರು ಬಳಸಿದ್ದೂ ಇದನ್ನೇ. ಚೊಗರಿನ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕಿ ಸುಲಭವಾಗಿ ಕರಗದ ಕಪ್ಪು ಪದರವಾಗಿಸುತ್ತದೆ. ಕೆಲವು ಕನ್ವರ್ಟರುಗಳಲ್ಲಿ ಫಾಸ್ಫಾರಿಕ್ ಆಮ್ಲವಿದ್ದು ಅದು ಫಾಸ್ಫೇಟಿನ ಪದರ ಕಟ್ಟುತ್ತದೆ. ಆದರೆ ಸಡಿಲ ಸಿಪ್ಪೆಯ ಮೇಲೆ ಹಚ್ಚಿದರೆ ಸಿಪ್ಪೆ ಕಪ್ಪಾಗುತ್ತದೆ ಅಷ್ಟೇ, ಕೆಳಗಿನ ಉಪ್ಪು ಹಾಗೇ ಇರುತ್ತದೆ. ಸ್ಪ್ರಿಂಗ್ ಪ್ಲೇಟಿನಂಥ ಗಡಸು ಉಕ್ಕಿಗೆ ಕಟುವಾದ ಆಮ್ಲ ಸೋಕಿಸಲೇಬಾರದು. ಒಳಗೆ ಹೈಡ್ರೋಜನ್ ಸೇರಿ ಪ್ಲೇಟು ಪೆಡಸಾಗಿ ಮುರಿಯಬಹುದು.

ಮೇಲೆ ಯಾವ ಬಣ್ಣ? ನಮ್ಮಲ್ಲಿ ರೆಡ್ ಆಕ್ಸೈಡ್ ಎಲ್ಲದಕ್ಕೂ ಉತ್ತರ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಮೇಲೆ ಇನ್ನೊಂದು ಬಣ್ಣವಿದ್ದರೆ ತಕ್ಕಮಟ್ಟಿಗೆ ಕಾಯುತ್ತದೆ. ಸತುವಿನ ಪುಡಿ ತುಂಬಿದ ಜಿಂಕ್ ಪ್ರೈಮರ್ ಇನ್ನೂ ಮೇಲು, ಏಕೆಂದರೆ ಗೀರು ಬಿದ್ದಲ್ಲಿ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಒಂದು ಲೋಹವನ್ನು ಬಲಿಕೊಟ್ಟು ಇನ್ನೊಂದನ್ನು ಕಾಯುವ ಈ ವಿದ್ಯೆಯನ್ನು ಹಂಫ್ರಿ ಡೇವಿ 1824ರಲ್ಲಿ ಹಡಗುಗಳ ತಾಮ್ರದ ಹೊದಿಕೆಗಾಗಿ ಹೇಳಿದ್ದರು. ಸತು ಕೆಲಸ ಮಾಡಬೇಕಾದರೆ ಬರಿ ಉಕ್ಕಿಗೆ ತಾಗಬೇಕು. ತುಕ್ಕಿನ ಮೇಲೆ ಹಚ್ಚಿದ ಜಿಂಕ್ ಪ್ರೈಮರ್ ದುಬಾರಿ ಬೂದಿ ಬಣ್ಣ ಮಾತ್ರ.

ಇನ್ನೊಂದು ಆಯ್ಕೆ ಎಪಾಕ್ಸಿ ಬಣ್ಣ. ಅದರ ವಿಷಯದಲ್ಲಿ ನನಗೆ ಬಲು ಸಂತೋಷ ಕೊಡುವ ಸಂಗತಿಯೊಂದಿದೆ. ನಮ್ಮ ಕರಾವಳಿಯವರು ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಕೈಗೆ ತಾಗಿದರೆ ಚರ್ಮ ಸುಡುವ ಆ ಎಣ್ಣೆಯಿಂದ ತೆಗೆದ ಕಾರ್ಡನಾಲ್ ಎಂಬ ವಸ್ತುವಿನಿಂದ ಇಂದು ಎಪಾಕ್ಸಿ ಗಟ್ಟಿಯಾಗಿಸುವ ಹಾರ್ಡ್ನರ್ ತಯಾರಾಗುತ್ತದೆ, ಜಗತ್ತಿನಾದ್ಯಂತ ಹಡಗುಗಳ ಬಣ್ಣದಲ್ಲಿ ಬಳಕೆಯಾಗುತ್ತದೆ. ಸ್ವಲ್ಪ ತೇವದ ಮೇಲ್ಮೈಯಲ್ಲೂ ಚೆನ್ನಾಗಿ ಕೂರುವುದು ಅದರ ಗುಣ.  ಗೇರು ಕಾರ್ಖಾನೆಗಳ ಊರಾದ ಮಂಗಳೂರಿನ ಲಾರಿಯವನು ಬಣ್ಣದಂಗಡಿಯಲ್ಲಿ ಹೆಸರು ಹಿಡಿದು ಕೇಳಬೇಕಾದ ಸರಕು ಈ ಹಾರ್ಡ್ನರ್. ಹೆಸರು ಫೀನಾಲ್ಕಮೈನ್.

ಬಣ್ಣದ ಕುಂಚ ಹೋಗದ ಪೆಟ್ಟಿಗೆಯಂಥ ಭಾಗಗಳೊಳಗೆ, ಪ್ಲೇಟುಗಳ ಸಂದಿಗೆ ಮೇಣದಂಥ ಎಣ್ಣೆಯನ್ನು ಉದ್ದ ನಳಿಗೆಯಲ್ಲಿ ಸಿಂಪಡಿಸಬೇಕು. ಅದು ಗಟ್ಟಿಯಾಗಿ ಬಿರಿಯುವುದಿಲ್ಲ, ಹರಿದು ಸಂದು ಸೇರುತ್ತದೆ, ವರ್ಷಕ್ಕೊಮ್ಮೆ ಮತ್ತೆ ಹೊಡೆಯಬಹುದು. ಎಂಜಿನ್ನಿನ ಸುಟ್ಟ ಆಯಿಲನ್ನು ಪಂಪಿನಲ್ಲಿ ಹೊಡೆಯುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಅದರಿಂದ ಏನೂ ಉಪಯೋಗವಿಲ್ಲ ಎನ್ನಲಾರೆ. ಆದರೆ ಅದರಲ್ಲಿ ಆಮ್ಲವಿರುತ್ತದೆ, ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತದೆ, ಮೊದಲ ಮಳೆಗೇ ತೊಳೆದುಹೋಗಿ ಗದ್ದೆ, ಹೊಳೆ ಸೇರುತ್ತದೆ. 2016ರ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ನಾವು ತಿನ್ನುವ ಎಷ್ಟೋ ಮೀನುಗಳ ಮರಿಗಳು ಅದೇ ಹೊಳೆಯ ಬಾಯಲ್ಲಿ ಬೆಳೆಯುತ್ತವೆ. ದಯವಿಟ್ಟು ಬಿಡಿ. ಯಾವ ಎಣ್ಣೆಯಾದರೂ ಬ್ರೇಕ್ ಡ್ರಮ್ಮಿಗೆ, ಸೈಲೆನ್ಸರಿಗೆ ಸೋಕದಂತೆ ಮುಚ್ಚಿಕೊಂಡೇ ಹೊಡೆಯಬೇಕು.

ಸುತ್ತಿಗೆ ಒಳಹೋದ ಚಾಸಿಗೆ ಬಣ್ಣದ ಮಾತೇ ಇಲ್ಲ. ಮೇಲೆ ಒಂದು ಪಟ್ಟಿ ವೆಲ್ಡ್ ಮಾಡಿ ಕೊಡುತ್ತೇವೆ ಎನ್ನುವವರು ಎಲ್ಲ ಕಡೆ ಇದ್ದಾರೆ. ಚಾಸಿಯ ಮೇಲಂಚು, ಕೆಳಂಚುಗಳಲ್ಲಿ ತೂತು ಕೊರೆಯುವುದನ್ನೂ ವೆಲ್ಡ್ ಮಾಡುವುದನ್ನೂ ಲಾರಿ ತಯಾರಕರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಭಾರವೆಲ್ಲ ಅಲ್ಲೇ ಬೀಳುತ್ತದೆ, ಬೆಂಕಿಗೆ ಉಕ್ಕಿನ ಹದ ಹೋಗುತ್ತದೆ, ಹೊಸ ಪಟ್ಟಿಯ ಹಿಂದೆ ಇನ್ನೊಂದು ಮಡಿಕೆ ಹುಟ್ಟುತ್ತದೆ. ತಯಾರಕರ ಕ್ರಮದಂತೆ ಆ ಭಾಗ ಬದಲಿಸಬೇಕು, ಆಗದಿದ್ದರೆ ಲಾರಿಯನ್ನು ರಸ್ತೆಯಿಂದ ಇಳಿಸಬೇಕು. ಅಪ್ಪ ಎರಡನೆಯದನ್ನು ಆರಿಸಿಕೊಂಡರು.

ಈಗಿನ ಲಾರಿ ಅಣ್ಣನದೇ. ಮೇ ಕೊನೆಯ ವಾರ ನಾವಿಬ್ಬರೂ ಅದರ ಅಡಿಯಲ್ಲಿರುತ್ತೇವೆ. ಮೇಸ್ತ್ರಿ ಹೇಳಿಕೊಟ್ಟ ಒಂದು ಪರೀಕ್ಷೆಯಿದೆ. ಎರಡು ಕಪ್ಪು ತಗಡಿನ ತಟ್ಟೆ. ಒಂದರಲ್ಲಿ ಬಾವಿಯ ನೀರು ನಾಲ್ಕು ಚಮಚ, ಇನ್ನೊಂದರಲ್ಲಿ ಚಾಸಿಯ ತೂತಿನಿಂದ ಇಳಿದ ಕೊನೆಯ ನೀರು ನಾಲ್ಕು ಚಮಚ. ಎರಡನ್ನೂ ಬಿಸಿಲಿಗಿಟ್ಟು ಚಹಾ ಕುಡಿದು ಬರುವುದು. ಕಳೆದ ವರ್ಷ ಮೊದಲ ಸಲ ಚಾಸಿಯ ತಟ್ಟೆಯಲ್ಲಿ ಸುಣ್ಣದಂತೆ ದಪ್ಪ ಬಿಳಿ ಗೆರೆ ಕಟ್ಟಿತ್ತು. ಎರಡನೆಯ ಸಲವೂ ಇತ್ತು, ತೆಳ್ಳಗೆ. ಮೂರನೆಯ ಸಲ ಎರಡು ತಟ್ಟೆಗಳೂ ಒಂದೇ ಥರ ಕಂಡವು. ಅಣ್ಣ ಪೈಪು ಸುತ್ತಿಟ್ಟು, ಬಿಸಿಲು ಬೀಳುವ ಕಡೆಗೆ ಲಾರಿಯ ಮುಖ ತಿರುಗಿಸಿದ.